ಅಳೆಯದ ಉದ್ದು

ಸುರತ್ಕಲ್ಲಿನ ಹೆದ್ದಾರಿ ಬದಿಯಲ್ಲಿದ್ದ ಕಾಸಿಮರ ಗೊಬ್ಬರದ ಅಂಗಡಿಗೆ ಬೋರ್ಡಿನ ಅಗತ್ಯವೇ ಇರಲಿಲ್ಲ. ಬೇವಿನ ಹಿಂಡಿ, ಎಲುಬಿನ ಹುಡಿ, ಯೂರಿಯಾ ಎಲ್ಲ ಕಲೆತ ಆ ವಾಸನೆಯೇ ಬಸ್ಸಿನಲ್ಲಿ ಹೋಗುವವರಿಗೂ ವಿಳಾಸ ಹೇಳುತ್ತಿತ್ತು. ಕಾಲೇಜಿನ ಹುಡುಗರು ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ಕಾಸಿಮರ ಮಗಳು ಹಫ್ಸಾಳಿಗೆ ಮಾತ್ರ ಆ ವಾಸನೆ ಬಂದರೆ ಹಸಿವಾಗುತ್ತಿತ್ತು. ಆಗದೆ ಮತ್ತೆ? ಚಿಕ್ಕಂದಿನಲ್ಲಿ ಶಾಲೆ ಬಿಟ್ಟು ಬಂದು ಅವಳು ತಿಂಡಿ ತಿಂದದ್ದೆಲ್ಲ ಆ ಚೀಲಗಳ ಮೇಲೆ ಕೂತುಕೊಂಡೇ.

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಬಂದ ಮೇಲೆ ಹಫ್ಸಾಳಿಗೆ ಬೇಕಾದದ್ದು ಒಂದೇ, ಆ ಅಂಗಡಿ. ಮದುವೆಗೆ ಚಿನ್ನ ಬೇಡ, ಬೆಂಗಳೂರು ಬೇಡ, ಬ್ಯಾಂಕಿನ ಪರೀಕ್ಷೆ ಬೇಡ. ಅಂಗಡಿಯನ್ನು ತನಗೆ ಬಿಟ್ಟುಕೊಡಿ ಎಂದು ಅವಳು ತಂದೆಯ ಬೆನ್ನು ಹತ್ತಿದ್ದಳು. ಆದರೆ ಕಾಸಿಮರ ಅಕ್ಕನ ಮಗ ನಿಝಾರ್ ಸೌದಿಯ ದಮ್ಮಾಮಿನಿಂದ ಊರಿಗೆ ಬಂದವನು ಅದೇ ಜಾಗದಲ್ಲಿ ಅರಬರ ‘ಮಂದಿ’ ಬಿರಿಯಾನಿಯ ಹೋಟೆಲು ಮಾಡುತ್ತೇನೆಂದು ಕೂತಿದ್ದ. ಅವನು ಹೇಳಿದ ಬಾಡಿಗೆ ಕೇಳಿ ಕಾಸಿಮರು ಒಂದು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ, ಖುಷಿಯಲ್ಲಿ.

“ಗದ್ದೆಯಲ್ಲೆಲ್ಲ ಫ್ಲ್ಯಾಟ್ ಎದ್ದಿದೆ. ಇನ್ನು ಗೊಬ್ಬರ ಯಾರು ತೆಗೊಳ್ತಾರೆ? ಹೂವಿನ ಚಟ್ಟಿಗೆ ಒಂದು ಕಿಲೋ ಕೊಡಿ ಅಂತ ಬರುವವರು. ಅದರಲ್ಲಿ ಹೊಟ್ಟೆ ತುಂಬ್ತದಾ?” ಎಂದು ಅವರ ವಾದ.

“ಇರುವ ಗದ್ದೆಯವರಿಗಾದ್ರೂ ನಾವು ಸರಿಯಾಗಿ ಕೊಡ್ತೇವಾ ಉಪ್ಪ?” ಹಫ್ಸಾ ಬಿಡುವವಳಲ್ಲ. “ಭತ್ತ ಕೊಯ್ದ ಮೇಲೆ ಉದ್ದು, ಹೆಸರು ಹಾಕ್ತಾರೆ. ಒಬ್ಬರು ಯೂರಿಯಾ ಸುರಿದದ್ದೇ ಸುರಿದದ್ದು. ಇನ್ನೊಬ್ಬರು ಚೀಲದ ಗೊಬ್ಬರ ಅಂದ್ರೆ ವಿಷ ಅಂತಾರೆ, ಸಗಣಿಗೆ ದುಡ್ಡು ಸುರೀತಾರೆ. ಇಬ್ಬರಿಗೂ ಲಾಸ್. ಅರ್ಧ ಅದು, ಅರ್ಧ ಇದು, ಜೊತೆಗೆ ಸ್ವಲ್ಪ ಸುಣ್ಣ. ಹೀಗೆ ಅಳತೆ ಮಾಡಿ ಕೊಟ್ರೆ ಅವರಿಗೂ ಉಳೀತದೆ, ಮುಂದಿನ ವರ್ಷ ನಮ್ಮತ್ರವೇ ಬರ್ತಾರೆ.”

“ಕಡಿಮೆ ಮಾರಿ ಹೆಚ್ಚು ಗಳಿಸುವ ವ್ಯಾಪಾರ ನಿನಗೆ ಯಾವ ಕಾಲೇಜಿನಲ್ಲಿ ಕಲಿಸಿದ್ದು ಮಾರಾಯ್ತಿ?”

ಕೊನೆಗೆ ಕಾಸಿಮರು ಒಂದು ಷರತ್ತು ಹಾಕಿದರು. ದೇರೆಬೈಲಿನ ರುಡೊಲ್ಫರು, ಕಾಸಿಮರ ಬಾಯಲ್ಲಿ ‘ಪೊರ್ಬುಗಳು’, ಅವರ ಹಳೆಯ ಗಿರಾಕಿ, ಹಳೆಯ ಸ್ನೇಹಿತ, ಮತ್ತು ಮಂಗಳೂರು ಪೇಟೆಯಲ್ಲೇ ಹುಡುಕಿದರೂ ಸಿಗದಷ್ಟು ದೊಡ್ಡ ಹಟಮಾರಿ. “ಆ ಪೊರ್ಬುಗಳು ತಮ್ಮ ಬಾಯಲ್ಲಿ ‘ನನಗೆ ಹಫ್ಸಾಳ ಗೊಬ್ಬರ ಬೇಕು’ ಅಂತ ಕೇಳಲಿ, ಅಂಗಡಿ ನಿನಗೆ. ಇಲ್ಲದಿದ್ದರೆ ನಿಝಾರನಿಗೆ” ಎಂದರು. ಕೇಳುವುದಿಲ್ಲ ಎಂದು ಅವರಿಗೆ ಗಟ್ಟಿ ಗೊತ್ತಿತ್ತು, ಅದಕ್ಕೇ ಅಷ್ಟು ಧಾರಾಳವಾಗಿ ಹೇಳಿದ್ದು!

ರುಡೊಲ್ಫರು ಕುವೈತಿನಲ್ಲಿ ಜೀವಮಾನ ದುಡಿದು ಬಂದವರು. ಅವರ ಹೆಂಡತಿ ಫ್ಲಾವಿಯಾ ಬಾಯಿ ಶಾಲೆಯ ಟೀಚರಾಗಿ ನಿವೃತ್ತರು. ನಾಲ್ಕೂ ಕಡೆ ಫ್ಲ್ಯಾಟು ಎದ್ದ ಮೇಲೂ ಮನೆಯ ಕೆಳಗಿನ ಗದ್ದೆಯನ್ನು ಇಬ್ಬರೂ ಬಿಟ್ಟುಕೊಟ್ಟಿರಲಿಲ್ಲ. ಈ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಮಾತು, ಉಳಿದದ್ದರಲ್ಲೆಲ್ಲ ಜಗಳ. ರುಡೊಲ್ಫರಿಗೆ ಚೀಲದ ಗೊಬ್ಬರವೇ ಗೊಬ್ಬರ, ಫ್ಲಾವಿಯಾ ಬಾಯಿಗೆ ಹಟ್ಟಿಗೊಬ್ಬರವೇ ಗೊಬ್ಬರ. ಹಫ್ಸಾ ಹೋಗಿ ತನ್ನ ಲೆಕ್ಕ ವಿವರಿಸಿದಾಗ ಇಬ್ಬರೂ ಒಟ್ಟಿಗೇ ನಕ್ಕುಬಿಟ್ಟರು. ಆದರೂ ಜಗಳ ತೀರಿಸಲು ಇದೊಂದು ನೆಪ ಸಿಕ್ಕಿತಲ್ಲ ಎಂದು ಒಪ್ಪಿಕೊಂಡರು. ಗದ್ದೆಯನ್ನು ಸಮನಾಗಿ ಮೂರು ಪಟ್ಟಿ ಮಾಡಿ, ಒಂದು ಬದಿ ರುಡೊಲ್ಫರಿಗೆ, ಇನ್ನೊಂದು ಬದಿ ಫ್ಲಾವಿಯಾ ಬಾಯಿಗೆ, ಮಧ್ಯದ್ದು ಹಫ್ಸಾಳಿಗೆ ಎಂದಾಯಿತು.

ಸುಗ್ಗಿ ಭತ್ತ ಕೊಯ್ದ ಮೇಲೆ ಜನವರಿ ಕೊನೆಗೆ ಉದ್ದು ಬಿತ್ತಿದರು. ಹಫ್ಸಾ ಬೀಜವನ್ನು ಬೆಲ್ಲದ ನೀರಿನಲ್ಲಿ ಅದ್ದಿ, ಬೇರಿಗೆ ಒಳ್ಳೆಯದು ಮಾಡುವ ಬ್ಯಾಕ್ಟೀರಿಯದ ಕಪ್ಪು ಹುಡಿಯಲ್ಲಿ ಹೊರಳಿಸಿ, ನೆರಳಿನಲ್ಲಿ ಒಣಗಿಸಿ ಬಿತ್ತಿದಳು. “ಉದ್ದಿಗೆ ಪಾಯಸವಾ?” ಎಂದು ರುಡೊಲ್ಫರು ತಮಾಷೆ ಮಾಡಿದರು.

ಆಮೇಲೆ ನಡೆದದ್ದನ್ನು ಕೇಳಬೇಕು! ಗಂಡ ಹೆಂಡತಿಗೆ ಪಂಥ ತಲೆಗೇರಿತು. ಫ್ಲಾವಿಯಾ ಬಾಯಿ ಕಿನ್ನಿಗೋಳಿ ಕಡೆಯಿಂದ ಟೆಂಪೋದಲ್ಲಿ ಸಗಣಿ ತರಿಸಿದರು, ಹಿಂಡಿ ತರಿಸಿದರು, ಸಾಲದ್ದಕ್ಕೆ ದಿನಾ ಬೂತಾಯಿ ಮೀನು ತೊಳೆದ ನೀರನ್ನೂ ತಮ್ಮ ಪಟ್ಟಿಗೆ ಹೊಯ್ದರು. ಪಕ್ಕದ ಫ್ಲ್ಯಾಟಿನವರು ಕಿಟಕಿ ಮುಚ್ಚಿದರು, ಫ್ಲ್ಯಾಟಿನ ಬೆಕ್ಕುಗಳೆಲ್ಲ ಗದ್ದೆಗಿಳಿದವು. ರುಡೊಲ್ಫರು ಹೆಂಡತಿ ಜಪಮಾಲೆ ಹಿಡಿದು ಕೊಂತ ಮಾಡಲು ಕೂತ ಹೊತ್ತು ನೋಡಿ, ಕಳ್ಳನ ಹಾಗೆ ಹೋಗಿ ಮತ್ತೂ ಮತ್ತೂ ಯೂರಿಯಾ ಎರಚಿ ಬಂದರು. ಫ್ಲಾವಿಯಾ ಬಾಯಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು. ಪ್ರಾರ್ಥನೆಯ ನಡುವೆಯೇ ಒಂದು ಕಣ್ಣು ತೆರೆದು ನೋಡಿ, ಮರುದಿನ ಹಫ್ಸಾಳಿಗೆ ಫೋನು ಮಾಡಿ ಹೇಳಿದರು.

ಮಾರ್ಚ್ ತಿಂಗಳಲ್ಲಿ ರುಡೊಲ್ಫರ ಪಟ್ಟಿ ನೋಡಿದರೆ ದೃಷ್ಟಿಯಾಗುವ ಹಾಗಿತ್ತು. ಕಪ್ಪು ಹಸಿರು ಬಣ್ಣ, ಅಂಗೈಯಗಲ ಎಲೆ. ದಾರಿಯಲ್ಲಿ ಹೋಗುವವರು ಸ್ಕೂಟರ್ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಮಧ್ಯದ ಪಟ್ಟಿ ತನ್ನಷ್ಟಕ್ಕೆ ಗಿಡ್ಡಕ್ಕೆ ನಿಂತಿತ್ತು. ಪುಸ್ತಕದಲ್ಲಿ ಓದಿದ್ದು ಬೇರೆ, ಎದುರಿಗೆ ಕಾಣುವುದು ಬೇರೆ. ಅಂಗಡಿ ಹೋಯಿತು, ಇನ್ನು ಬ್ಯಾಂಕಿನ ಪರೀಕ್ಷೆಯೇ ಗತಿ ಎಂದುಕೊಂಡಳು ಹಫ್ಸಾ.

ಅದೇ ದಿನ ಕಾಸಿಮರೂ ನೋಡಲು ಬಂದಿದ್ದರು. “ಪೊರ್ಬುಗಳದ್ದು ಮೊಣಕಾಲು ದಾಟಿತು. ನಿನ್ನದು ಎಂತ, ನಾಚಿಕೆಯಾ ಅದಕ್ಕೆ?” ಎಂದು ಕೆಣಕಿದರು.

ಹಫ್ಸಾ ಸಿಟ್ಟಿನಲ್ಲಿ ರುಡೊಲ್ಫರ ಪಟ್ಟಿಯಿಂದ ಒಂದು ಗಿಡ, ತನ್ನದರಿಂದ ಒಂದು ಗಿಡ ಕಿತ್ತು ತಂದೆಯ ಮುಂದೆ ಹಿಡಿದಳು. ಎತ್ತರದ ಗಿಡದ ಬೇರು ಬೋಳಾಗಿತ್ತು. ಗಿಡ್ಡ ಗಿಡದ ಬೇರಿನ ತುಂಬ ಸಾಸಿವೆ ಕಾಳಿನ ಹಾಗೆ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದಳು. ಒಳಗೆ ನಸುಗೆಂಪು.

“ಇದು ಕೆಂಪಿದ್ರೆ ಕೆಲಸ ನಡೀತಾ ಉಂಟು ಅಂತ ಲೆಕ್ಕ ಉಪ್ಪ. ಉದ್ದು ತನಗೆ ಬೇಕಾದ ಯೂರಿಯಾವನ್ನು ಗಾಳಿಯಿಂದ ತಾನೇ ಮಾಡಿಕೊಳ್ತದೆ. ನಾವು ಸುರಿದ್ರೆ ಅದಕ್ಕೆ ಉದಾಸೀನ ಬರ್ತದೆ, ಬರೀ ಎಲೆ ಬಿಡ್ತದೆ.”

“ಹಾಗಾದ್ರೆ ನಮ್ಮ ಅಂಗಡಿ ಎಂತಕ್ಕೆ?”

“ಸುರುವಿಗೆ ಒಂದು ಮುಷ್ಟಿ ಬೇಕು, ರಂಜಕ ಬೇಕು, ಈ ಹುಳಿ ಮಣ್ಣಿಗೆ ಸುಣ್ಣ ಬೇಕು. ಯಾವುದು ಎಷ್ಟು ಅಂತ ಹೇಳ್ಲಿಕ್ಕೆ ಒಬ್ಬರು ಬೇಕಲ್ಲ ಉಪ್ಪ?”

ಕಾಸಿಮರು ಆ ಗಿಡ್ಡ ಗಿಡವನ್ನು ಬಿಸಾಡದೆ ಕೈಯಲ್ಲೇ ಹಿಡಿದುಕೊಂಡು ರಿಕ್ಷಾ ಹತ್ತಿದರು. ಹಾಗೆಂದು ಷರತ್ತೇನೂ ಸಡಿಲಾಗಲಿಲ್ಲ. ಮಧ್ಯದ ಪಟ್ಟಿಯ ಉದ್ದು ತೂಗುವ ದಿನ ಸಂಜೆಯೇ ಮುಂಗಡ ಹಿಡಿದುಕೊಂಡು ಬಾ ಎಂದು ನಿಝಾರನಿಗೆ ಹೇಳಿಟ್ಟರು.

ಈಸ್ಟರ್ ಕಳೆದ ಮೇಲೆ ಮೂರೂ ಪಟ್ಟಿಯ ಗಿಡ ಕಿತ್ತು ಒಣಗಿಸಿದರು. ಶುಕ್ರವಾರ ಎರಡು ಬದಿಯ ಪಟ್ಟಿಗಳ ಉದ್ದನ್ನು ಬಡಿದು ತೂಗಿದ್ದಾಯಿತು. ರುಡೊಲ್ಫರದ್ದು ಇಪ್ಪತ್ತೆರಡು ಕಿಲೋ. ಅಷ್ಟೆಲ್ಲ ಎಲೆ ಬಿಟ್ಟು ಇಷ್ಟೇ ಕಾಳು! ರುಡೊಲ್ಫರು ತಕ್ಕಡಿಯನ್ನು ಬಡಿದು ನೋಡಿದರು, ಅಲುಗಾಡಿಸಿ ನೋಡಿದರು. ಫ್ಲಾವಿಯಾ ಬಾಯಿಯದ್ದು ಮೂವತ್ತಮೂರು. ಅವರು ಅಂಗಳದಲ್ಲೇ ಒಂದು ಸುತ್ತು ಕುಣಿದರು. ಆದರೆ ಹಫ್ಸಾ ಸಗಣಿಯ ಖರ್ಚು, ಹಿಂಡಿಯ ಖರ್ಚು, ಟೆಂಪೋ ಬಾಡಿಗೆ ಎಲ್ಲ ಕಳೆದು ಹೇಳಿದಾಗ ಉಳಿದದ್ದು ಗಂಡನಿಗೆ ಉಳಿದಷ್ಟೇ.

“ಮಣ್ಣು ಎಷ್ಟು ಮೆತ್ತಗಾಗಿದೆ ನೋಡು ಪುತಾ, ಅದಕ್ಕೆ ಬೆಲೆ ಇಲ್ವಾ?” ಎಂದರು ಫ್ಲಾವಿಯಾ ಬಾಯಿ, ಮುಖ ಸಣ್ಣದು ಮಾಡಿಕೊಂಡು.

“ಉಂಟು ಆಂಟಿ. ಅದಕ್ಕೇ ನನ್ನದರಲ್ಲಿ ಅರ್ಧ ಸಗಣಿ ಇಟ್ಟದ್ದು.”

“ಮಧ್ಯದ್ದು ಇದಕ್ಕಿಂತ ಮೇಲೆ ಬಂದ್ರೆ ಆಗ ಮಾತಾಡುವ” ಎಂದು ಗುರುಗುಟ್ಟಿದ ರುಡೊಲ್ಫರು, ಅಣ್ಣನ ಮಗಳ ಮದುವೆಗೆ ಮುಂಚಿನ ರೋಸ್ ಶಾಸ್ತ್ರಕ್ಕೆಂದು ಮರುದಿನ ಬೆಳಿಗ್ಗೆಯೇ ಮೂಡುಬಿದಿರೆಗೆ ಹೊರಟುಹೋದರು. ಮಧ್ಯದ ಪಟ್ಟಿಯನ್ನು ಶನಿವಾರ ಬಡಿಯುವುದು, ಭಾನುವಾರ ತೂಗುವುದು ಎಂದು ಮಾತಾಗಿತ್ತು.

ಭಾನುವಾರ ಬೆಳಿಗ್ಗೆ ಹಫ್ಸಾ ತಂದೆಯೊಡನೆ ಅಂಗಡಿಯ ತಕ್ಕಡಿಯನ್ನು ರಿಕ್ಷಾದಲ್ಲಿಟ್ಟುಕೊಂಡು ಬಂದಳು. ಅಂಗಳದಲ್ಲಿ ಉದ್ದಿನ ಸಿಪ್ಪೆ ಇತ್ತು, ಉದ್ದು ಇರಲಿಲ್ಲ. ಕಸ ಗುಡಿಸುತ್ತಿದ್ದ ಕೆಲಸದಾಕೆ ನಿಂತಲ್ಲಿಂದಲೇ ಹೇಳಿದಳು, “ಗೋಣಿಯನ್ನು ಬಾಯಮ್ಮ ಚರ್ಚಿಗೆ ತೆಗೊಂಡು ಹೋದ್ರು. ಇವತ್ತು ಏಲಂ ಅಲ್ವಾ?”

ಹಫ್ಸಾ ಇಳಿಸುತ್ತಿದ್ದ ತಕ್ಕಡಿಯನ್ನು ಮತ್ತೆ ರಿಕ್ಷಾದಲ್ಲೇ ಇಟ್ಟಳು. ಸಂಜೆಗೆ ನಿಝಾರ್ ಬರುತ್ತಾನೆ. ತೂಕವೇ ಇಲ್ಲದಿದ್ದರೆ ರುಡೊಲ್ಫ್ ಅಂಕಲಿಗೆ ತೋರಿಸುವುದೇನನ್ನು? ಕಾಸಿಮರು ಮಗಳ ಮುಖ ನೋಡಿದರು, ರಿಕ್ಷಾದವನಿಗೆ ಚರ್ಚಿಗೆ ಬಿಡು ಎಂದರು.

ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ಏಲಂ ಜೋರಾಗಿತ್ತು. ಮನೆಯಲ್ಲಿ ಬೆಳೆದ ಮೊದಲ ಬೆಳೆಯನ್ನು ದೇವರಿಗೆ ಕೊಡುವುದು, ಪೂಜೆಯಾದ ಮೇಲೆ ಅದನ್ನು ಏಲಂ ಮಾಡಿ ಬಂದ ಹಣವನ್ನು ಬಡವರ ನಿಧಿಗೆ ಹಾಕುವುದು ಅಲ್ಲಿಯ ಕ್ರಮ. ಕೊಟ್ಟವರಿಗೆ ಜಂಭ ಬರಬಾರದೆಂದು ಅವರ ಹೆಸರು ಕೂಗುವುದಿಲ್ಲ. ಹಲಸಿನ ಹಣ್ಣು, ಬಾಳೆಗೊನೆ, ಒಂದು ಸಿಡುಕಿನ ಹುಂಜ ಎಲ್ಲ ಹೋಗಿ, ಬಿಳಿ ಪ್ಯಾಂಟಿನ ವಿಲ್ಲಿ ಈಗ ಒಂದು ಗೋಣಿಯ ಪಕ್ಕ ನಿಂತಿದ್ದ. ಊರಿನ ಏಲಮೆಲ್ಲ ಕೂಗುವವನು ಅವನೇ, ಅವನಿಗೆ ಮೈಕು ಬೇಡ.

ಫ್ಲಾವಿಯಾ ಬಾಯಿ ಬದಿಯಲ್ಲಿ ತೃಪ್ತಿಯಿಂದ ನಿಂತಿದ್ದರು. ಹಫ್ಸಾ ಓಡಿಹೋಗಿ ಅವರ ಕೈ ಹಿಡಿದಳು. “ಆಂಟಿ, ಅದು ನಾನು ತೂಗಬೇಕಿದ್ದ ಉದ್ದು! ಎಂತ ಮಾಡಿದ್ರಿ ನೀವು?”

“ಯಾಕೆ ಪುತಾ? ಮೊದಲ ಬೆಳೆ ದೇವರಿಗಲ್ವಾ?”

“ನಿಮ್ಮ ಪಟ್ಟಿಯದ್ದು ಕೊಡಬಹುದಿತ್ತಲ್ಲ?”

“ಅಯ್ಯೋ ಜೆಜು! ಅದನ್ನು ಶುಕ್ರವಾರ ತೂಗಿ ಆಯ್ತಲ್ಲ!” ಫ್ಲಾವಿಯಾ ಬಾಯಿ ಗಾಬರಿಯಿಂದ ಕಣ್ಣರಳಿಸಿದರು. “ದೇವರಿಗೆ ಕೊಡುವುದನ್ನು ಯಾರಾದ್ರೂ ಅಳೀತಾರಾ? ನಮ್ಮ ಅತ್ತೆ ಒಂದು ಪಾವು ಕೂಡ ಅಳೆದು ಕೊಟ್ಟವರಲ್ಲ. ಅಳೆಯದೆ ಉಳಿದದ್ದು ನಿನ್ನದೊಂದೇ.”

“ಸ್ವಲ್ಪ ಕೊಟ್ಟಿದ್ರೆ ಸಾಕಿತ್ತಲ್ಲ ಆಂಟಿ?”

“ಸ್ವಲ್ಪ ತೆಗೀಬೇಕಾದ್ರೆ ಅಳೀಬೇಕಲ್ಲ? ಅದಕ್ಕೇ ಇಡೀ ಕೊಟ್ಟೆ.”

ಇದಕ್ಕೆ ಎದುರು ಹೇಳಲು ಯಾವ ಅರ್ಥಶಾಸ್ತ್ರದಲ್ಲಿ ಏನಿದೆ? ಹಫ್ಸಾಳಿಗೆ ಅಳುವೂ ಬಂತು, ನಗುವೂ ಬಂತು. ಕೊಟ್ಟದ್ದನ್ನು ಹಿಂದೆ ಕೇಳುವಂತಿಲ್ಲ, ಏಲಮಿನಲ್ಲಿ ಯಾರು ಬೇಕಾದರೂ ಕೂಗಬಹುದು ಎಂದು ಫ್ಲಾವಿಯಾ ಬಾಯಿ ಪಿಸುಗುಟ್ಟಿದರು. ಅಷ್ಟರಲ್ಲಿ ವಿಲ್ಲಿಯ ಗಂಟಲು ಮೇಲಕ್ಕೇರಿತ್ತು. ಸಾವಿರದಿಂದ ಶುರುವಾದದ್ದು ಎರಡು ಸಾವಿರಕ್ಕೆ ಬಂದು ನಿಂತಿತ್ತು.

“ಎರಡೂವರೆ!”

ಹಿಂದಿನಿಂದ ಬಂದ ಸ್ವರ ಕೇಳಿ ಹಫ್ಸಾ ಬೆಚ್ಚಿದಳು. ಕೂಗಿದವರು ಕಾಸಿಮರು. ಅರೆ! ಕೊತ್ತಂಬರಿ ಸೊಪ್ಪಿಗೂ ಅರ್ಧ ಗಂಟೆ ಚರ್ಚೆ ಮಾಡುವ, ರಿಕ್ಷಾದವನು ಚಿಲ್ಲರೆ ಕೊಡುವವರೆಗೆ ಇಳಿಯದ ಅದೇ ಕಾಸಿಮರು, ಟೊಪ್ಪಿ ಸರಿಮಾಡಿಕೊಂಡು ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದರು.

ಜನರ ನಡುವೆ ಇನ್ನೊಂದು ತಲೆ ತಿರುಗಿತು. ಮೂಡುಬಿದಿರೆಯಿಂದ ನೇರ ಪೂಜೆಗೇ ಬಂದಿದ್ದ ರುಡೊಲ್ಫರು. ಕೈಯಲ್ಲಿ ಆಗಲೇ ಕೊಂಡ ಹುಂಜ. ಗೋಣಿ ಯಾರದ್ದೆಂದು ಅವರಿಗೇನು ಗೊತ್ತು? ಅವರು ಯೋಚಿಸಿದ್ದು ಇಷ್ಟೇ: ಕಾಸಿಂ ಬ್ಯಾರಿ ಎರಡೂವರೆ ಸಾವಿರ ಅಂತ ಬಾಯಿ ಬಿಡಬೇಕಾದರೆ ಆ ಗೋಣಿಯಲ್ಲಿ ಏನೋ ಉಂಟು. ಮುಂದೆ ಬಂದು ಗೋಣಿಗೆ ಕೈ ಹಾಕಿ ಒಂದು ಹಿಡಿ ಎತ್ತಿದರು. ದುಂಡಗೆ, ಭಾರಕ್ಕೆ, ಒಂದೇ ಸಮ ಇದ್ದ ಕಾಳು ಬೆರಳ ಸಂದಿಯಿಂದ ಜಾರಿತು. ಶುಕ್ರವಾರ ತಮ್ಮ ಪಟ್ಟಿಯ ಸೊರಗಿದ ಕಾಳು ನೋಡಿ ಹೊಟ್ಟೆ ಉರಿಸಿಕೊಂಡಿದ್ದವರಿಗೆ ಆಸೆ ತಡೆಯಲಾಗಲಿಲ್ಲ.

“ಮೂರು ಸಾವಿರ! ಇಂಥ ಉದ್ದು ನಾನು ನೋಡ್ಲೇ ಇಲ್ಲ.”

“ನಾಲ್ಕು!” ಎಂದರು ಕಾಸಿಮರು.

“ಐದು! ಕಾಸಿಂ ಬ್ಯಾರಿಗಳೇ, ನಿಮಗೆಂತಕ್ಕೆ ಇಷ್ಟು ಉದ್ದು? ದೋಸೆ ಹೋಟೆಲ್ ಮಾಡ್ತೀರಾ?”

“ಆರು! ನಿಮಗೆಂತಕ್ಕೆ ಪೊರ್ಬುಗಳೇ? ಹುಂಜನಿಗೆ ತಿನ್ನಿಸ್ಲಿಕ್ಕಾ?”

ಅಂಗಳದವರೆಲ್ಲ ಹೋ ಎಂದು ಸುತ್ತ ಸೇರಿದರು. ವಿಲ್ಲಿಗೆ ಸ್ವರ್ಗ ಮೂರೇ ಗೇಣು. ಫ್ಲಾವಿಯಾ ಬಾಯಿ ಗಂಡನಿಗೆ ಕೈಸನ್ನೆ ಮಾಡಿದರೆ ಅವರು ಅದನ್ನು ಇನ್ನೂ ಕೂಗು ಎಂದು ತಿಳಿದು ಏಳು ಎಂದರು. ಎಂಟು. ಎಂಟೂವರೆ. ಒಂಬತ್ತು. ಹಫ್ಸಾ ಜನರನ್ನು ತಳ್ಳಿಕೊಂಡು ಹೋಗಿ ತಂದೆಯ ತೋಳು ಹಿಡಿದು ಜಗ್ಗಿದಳು.

“ಉಪ್ಪ, ಮಂಡೆ ಸಮ ಉಂಟಾ ನಿಮಗೆ? ಸಾಕು ಬಿಡಿ. ಅಂಕಲೇ ತೆಗೊಳ್ಲಿ, ಆಮೇಲೆ ಕೇಳಿ ತೂಗಿದ್ರೆ ಆಯ್ತು. ಅದು ಬರೀ ಉದ್ದು!”

“ಬರೀ ಉದ್ದಾ?” ಕಾಸಿಮರು ಕೈ ಕೊಡವಿಕೊಂಡರು. ಅವರ ಸ್ವರ ಆ ಗದ್ದಲದ ಮೇಲೂ ಕೇಳಿತು. “ನನ್ನ ಮಗಳು ಬೆಳೆದ ಉದ್ದು ಅದು! ಯಾರೋ ತೆಗೊಂಡು ಹೋಗಿ ದೋಸೆ ಮಾಡಿ ತಿನ್ನುವುದನ್ನು ನಾನು ನೋಡ್ತಾ ನಿಲ್ಲಬೇಕಾ?”

ಹಫ್ಸಾ ಜಗ್ಗುವುದನ್ನು ಬಿಟ್ಟಳು. ಅಂಗಡಿಯನ್ನು ನಿಝಾರನಿಗೆ ಕೊಡುತ್ತೇನೆಂದು ಮೂರು ತಿಂಗಳು ಹೆದರಿಸಿದ ಈ ಮನುಷ್ಯ, ಷರತ್ತಿನಲ್ಲಿ ತಾನೇ ಸೋಲುವುದಕ್ಕೆ ಒಂಬತ್ತು ಸಾವಿರ ಕೂಗಿ ನಿಂತಿದ್ದರು. ಅವಳಿಗೆ ತಂದೆಯ ಮೇಲೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ.

ರುಡೊಲ್ಫರು ಕೈಯಲ್ಲಿದ್ದ ಕಾಳನ್ನೂ ಹಫ್ಸಾಳ ಮುಖವನ್ನೂ ನೋಡಿದರು. “ಹಫ್ಸಾ ಬೆಳೆದದ್ದಾ? ಎಲ್ಲಿ?”

“ಎಲ್ಲಿ ಅಂದ್ರೆ ಎಂತ? ನಮ್ಮ ಗದ್ದೆಯಲ್ಲೇ. ಮಧ್ಯದ ಪಟ್ಟಿ!” ಫ್ಲಾವಿಯಾ ಬಾಯಿ ಕೊನೆಗೂ ಹತ್ತಿರ ಬಂದು ಮುಟ್ಟಿದ್ದರು. “ಅದನ್ನು ಹೇಳ್ಲಿಕ್ಕೆ ನಾನು ಆವಾಗಿನಿಂದ ಕೈ ಬೀಸುವುದು. ನಿಮ್ಮ ಮನೆಯ ಉದ್ದಿಗೆ ನೀವೇ ಏಲಂ ಕೂಗ್ತಾ ಇದ್ದೀರಿ ಮಾರಾಯ್ರೇ!”

ಆಗ ಎದ್ದ ನಗು ಕೇಳಿ ಪಾದ್ರಿಗಳು ಕೂಡ ಹೊರಗೆ ಬಂದು ನೋಡಿದರು. ಹುಂಜ ಹೆದರಿ ರೆಕ್ಕೆ ಬಡಿಯಿತು. ರುಡೊಲ್ಫರ ಮುಖ ಮೊದಲು ಕೆಂಪಾಯಿತು, ಆಮೇಲೆ ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಹಟಮಾರಿ ಹಟಮಾರಿಯೇ. ನಗು ನಿಲ್ಲಿಸಿ ಕೈ ಎತ್ತಿ, “ಹತ್ತು ಸಾವಿರ! ಬಡವರ ನಿಧಿಗೆ ತಾನೆ, ಹೋಗ್ಲಿ. ಉದ್ದು ನನ್ನ ಗದ್ದೆಯದ್ದು, ನನ್ನ ಮನೆಗೇ ಬರಬೇಕು” ಎಂದರು. ವಿಲ್ಲಿ ಒಂದು ಸಲ, ಎರಡು ಸಲ, ಮೂರು ಸಲ ಎಂದು ಮುಗಿಸಿದ. ಕಾಸಿಮರು ಮತ್ತೆ ಬಾಯಿ ತೆರೆಯದ ಹಾಗೆ ಹಫ್ಸಾ ಅವರ ಕೈ ಬಿಗಿಯಾಗಿ ಹಿಡಿದಿದ್ದಳು.

ಏಲಮಾದ ಮೇಲೆ ಅದು ದೇವರದ್ದಲ್ಲ, ಇನ್ನು ತೂಗಬಹುದು ಎಂದು ಫ್ಲಾವಿಯಾ ಬಾಯಿಯೇ ತೀರ್ಪು ಕೊಟ್ಟರು. ರಿಕ್ಷಾದಿಂದ ತಕ್ಕಡಿ ಬಂತು. ಇಡೀ ಅಂಗಳ ಬಗ್ಗಿ ನೋಡಿತು. ಮೂವತ್ತಾರು ಕಿಲೋ, ಮೇಲೆ ಒಂದಿಷ್ಟು.

“ಈ ಹತ್ತು ಸಾವಿರ ಲೆಕ್ಕಕ್ಕಿಲ್ಲ, ಅದು ಭಕ್ತಿ” ಎಂದರು ಕಾಸಿಮರು, ವ್ಯಾಪಾರಿಯ ಗಾಂಭೀರ್ಯ ಮರಳಿ ಬಂದಿತ್ತು. “ಪೇಟೆಯ ದರವನ್ನೇ ಹಿಡೀರಿ. ಗೊಬ್ಬರ, ಸುಣ್ಣ, ಕೂಲಿ ಎಲ್ಲ ಕಳೀರಿ. ಪೊರ್ಬುಗಳೇ, ನಿಮಗೆ ಉಳಿದದ್ದರ ಎರಡರಷ್ಟು ಮಧ್ಯದ ಪಟ್ಟಿಯಲ್ಲಿ ಉಳೀತದೆ. ಬಾಯಮ್ಮನಿಗೆ ಉಳಿದದ್ದಕ್ಕೂ ಅದೇ ಲೆಕ್ಕ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಜಗಳ ಮಾಡಲು ಇನ್ನೇನೂ ಉಳಿದಿರಲಿಲ್ಲ, ಪಾಪ. ರುಡೊಲ್ಫರು ಹುಂಜವನ್ನು ಹೆಂಡತಿಯ ಕೈಗೆ ದಾಟಿಸಿ, ಗಂಟಲು ಸರಿಮಾಡಿಕೊಂಡು ಹೇಳಿದರು, “ಆಯ್ತಪ್ಪ. ಬರುವ ವರ್ಷ ಮೂರು ಪಟ್ಟಿಗೂ ಈ ಹಫ್ಸಾಳ ಗೊಬ್ಬರವೇ ಬೇಕು ನನಗೆ. ಕಾಸಿಂ ಬ್ಯಾರಿಗಳೇ, ಎಷ್ಟಾಗ್ತದೆ ಹೇಳಿ.”

ಹಫ್ಸಾ ತಂದೆಯನ್ನು ನೋಡಿದಳು. ಕಾಸಿಮರು ತಕ್ಕಡಿಯ ಧೂಳು ಒರೆಸುವುದರಲ್ಲಿ ಬಹಳ ಮಗ್ನರಾಗಿದ್ದರು.

“ನನ್ನತ್ರ ಎಂತಕ್ಕೆ ಕೇಳುವುದು ಪೊರ್ಬುಗಳೇ?” ಎಂದರು ತಲೆ ಎತ್ತದೆ. “ಅಂಗಡಿಯವಳು ಅಲ್ಲಿ ನಿಂತಿದ್ದಾಳಲ್ಲ, ಅವಳತ್ರ ಕೇಳಿ. ನಾನು ನಿಝಾರನಿಗೆ ಫೋನು ಮಾಡಿ ಬರ್ತೇನೆ.”

ಅವರು ಆ ಕಡೆ ತಿರುಗಿ ನಡೆದರು. ಹಫ್ಸಾ ದುಪಟ್ಟಾದ ತುದಿಯಿಂದ ಕಣ್ಣು ಒರೆಸಿಕೊಂಡಳು. ರುಡೊಲ್ಫರು ಹತ್ತಿರ ಬಂದು ಸ್ವರ ತಗ್ಗಿಸಿ ಕೇಳಿದರು, “ನಮಗೆ ಸ್ವಲ್ಪ ಕಡಿಮೆ ಮಾಡ್ತೀ ಅಲ್ವಾ ಮಗಾ? ಹಳೇ ಪರಿಚಯ ಅಲ್ವಾ?”

“ಏಲಮಿಗೆ ಹತ್ತು ಸಾವಿರ ಕೊಡುವವರಿಗೆ ಎಂತ ಕಡಿಮೆ ಅಂಕಲ್?” ಎಂದಳು ಹಫ್ಸಾ. “ನನ್ನ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ರೇಟು.”